ಸ್ಟೇಷನ್ ಮಾಸ್ತರರ ಮಾಸ್ಕು, ನನ್ನ ಸಸ್ಪೆನ್ಷನ್ನು

ಮೂವತ್ತು ವರ್ಷ ಒಂದನೇ ಕ್ಲಾಸಿನ ಹುಡುಗರನ್ನ ಬಾಯಿ ಮ್ಯಾಲೆ ಬೆರಳಿಡಿಸಿ ಕೂಡಿಸಿದ ಸಾಲಿ ಅಕ್ಕೋರು ನಾನು. ನಮ್ಮಪ್ಪಗ ಒಂದು ಮಾಸ್ಕ್ ಹಾಕೂದು ಯಾವ ದೊಡ್ಡ ಮಾತು!

ಅಪ್ಪ ರಿಟೈರ್ ಆದ ಸ್ಟೇಷನ್ ಮಾಸ್ತರು. ಈಗ ಮರವು ಭಾಳ; ಗುಡಗೇರಿಯ ನಮ್ಮ ಮನೀನ ಅವರಿಗೆ ಸ್ಟೇಷನ್. ಮಲಗಿದಾಗ ನಡುನಡುವ ಅವರ ಉಸಿರು ನಿಂತುಬಿಡ್ತಿತ್ತು. ಹುಬ್ಬಳ್ಳಿ ಡಾಕ್ಟರು ಗಾಳಿ ಊದೂ ಮಷೀನು, ಅದರ ಮಾಸ್ಕು ಕೊಟ್ಟು, "ಮೊದಲಿಗೆ ದಿನಾ ಮಧ್ಯಾಹ್ನ ಒಂದು ತಾಸು ರೂಢಿ ಮಾಡಸ್ರಿ" ಅಂದ್ರು. ಅಪ್ಪ ಮೂರು ದಿನ ಕಿತ್ತು ಒಗದ್ರು.

ನಾಕನೇ ದಿನ ನನ್ನ ಬುದ್ಧಿವಂತಿಕಿ ಜಾಗೃತ ಆತು.

"ಸಾಹೇಬ್ರ, ರೇಲ್ವೆ ಆರ್ಡರ್ ಬಂದೈತ್ರಿ. ಎಲ್ಲಾ ಮಾಸ್ತರು ಇದನ್ನ ಹಾಕ್ಕೋಬೇಕಂತ!"

ತಕ್ಷಣ ಹಾಕ್ಕೊಂಡ್ರು! ಮಲಗಲಿಲ್ಲ.

"ಡ್ಯೂಟಿ ಮ್ಯಾಲೆ ಮಲಗು ಅಂತೀ? ನಾಚಿಕಿ ಬರೂದಿಲ್ಲೇನು?"

ಎರಡು ತಾಸು ನೆಟ್ಟಗ ಕುಂತ್ರು. ಅಷ್ಟೊತ್ತಿಗೆ ಊರ ಹಳಿ ಮ್ಯಾಲೆ ಖರೇನ ಒಂದು ರೇಲ್ವೆ ಗಾಡಿ ಸೀಟಿ ಹೊಡೀತು. ಅಪ್ಪ ಹಸಿರು ಟಾವೆಲ್ ಹಿಡಕೊಂಡು ಓಡಿದ್ರು. ಅಪ್ಪನ ಹಿಂದ ಪೈಪು, ಪೈಪಿನ ಹಿಂದ ಮಷೀನು, ಮಷೀನಿನ ಹಿಂದ ನಾನು!

ನಮ್ಮ ಮನಿಯವರು ನಕ್ಕೋತ ಬಾಗಲದಾಗ ನಿಂತಿದ್ರು. "ಬದಲಿ ಮಾಸ್ತರ್, ಅಂದ್ರ ರಿಲೀವರ್, ಬಂದು ಚಾರ್ಜ್ ತಗೊಳ್ಳೂತನಕ ಮಾಸ್ತರ್ ಹೆಂಗ ಮಲಗ್ತಾರ, ಶಾರದಾ?"

ಮರುದಿನ ಎರಡು ರೊಟ್ಟಿ ಜಾಸ್ತೀನ ಉಂಡು, ಅಪ್ಪನ ಕೋಟು ಹಾಕ್ಕೊಂಡು ನಾನ ರಿಲೀವರ್ ಆದೆ. ಹಾಲಿನ ಲೆಕ್ಕದ ನೋಟ್‌ಬುಕ್ಕಿನಾಗ ಸಹಿ ಮಾಡಿ ವಿಧ್ಯುಕ್ತವಾಗಿ ಅಧಿಕಾರ ವಹಿಸಿಕೊಂಡೆ. ಅಪ್ಪ ಮಾಸ್ಕ್ ಸಮೇತ ಮಲಗಿದ್ರು. ಗೆದ್ದೆ! ಕುರ್ಚಿ ಮ್ಯಾಲೆ ಕುಂತು ಅವರ ಉಸಿರು ಎಣಸಾಕ ಸುರು ಮಾಡಿದೆ. ಹತ್ತರ ತನಕ ನೆನಪೈತಿ.

"ಏ! ಏಳ!"

ಕಣ್ಣು ತೆರದ್ರ ಎದುರಿಗೆ ಅಪ್ಪ, ಕೈಯಾಗ ಮಾಸ್ಕು.

"ಇಂಥಾ ಗೊರಕಿ ಒಳಗ ಗಾಡಿ ಸೀಟಿ ಹೆಂಗ ಕೇಳಸ್ತೈತಿ? ಮಂದಿ ಜೀವದ ಪ್ರಶ್ನಿ ಇದು!"

ನಿಂತ ಕಾಲಮ್ಯಾಲೆ ಸಸ್ಪೆಂಡ್ ಮಾಡಿ, ನೋಟ್‌ಬುಕ್ಕಿನಾಗ ಏನೋ ಬರದ್ರು. ಚಾರ್ಜ್ ನಮ್ಮ ಮನಿಯವರಿಗೆ ಹೋತು.

"ನಿಮಗ ನಿದ್ದಿ ಬರೂದಿಲ್ಲಲ್ಲ?"

"ಇಲ್ರಿ ಸಾಹೇಬ್ರ."

ಅಪ್ಪ ತಾವ ಮಾಸ್ಕ್ ಏರಿಸಿ ಮಲಗಿದ್ರು. ಪೂರಾ ಒಂದು ತಾಸು. ಉಸಿರು ಒಮ್ಮೆನೂ ನಿಲ್ಲಲಿಲ್ಲ. ಬಾಗಲ ಸಂದ್ಯಾಗ ನಿಂತು ನೋಡಿದ ನನಗ ಅಳು ಬಂದುಬಿಡ್ತು. ನೌಕರಿ ಹೋಗಿದ್ದಕ್ಕ ಇಷ್ಟು ಸಂತೋಷಪಟ್ಟ ಹೆಣ್ಣಮಗಳು ಜಿಲ್ಲಾದಾಗ ಇನ್ನೊಬ್ಬಾಕಿ ಇರಲಿಕ್ಕಿಲ್ಲ.

ಆಮ್ಯಾಲೆ ನೋಟ್‌ಬುಕ್ ತೆಗದು ನನ್ನ ಆರ್ಡರ್ ಓದಿದೆ: "ರಿಲೀವರ್ ನಾಲಾಯಕ್. ಗೊರಕಿ ವಿಪರೀತ. ಕೂಡಲೇ ದವಾಖಾನೆಗೆ ಕಳಿಸತಕ್ಕದ್ದು."

ಕಳಿಸಿದ್ರು. ಈಗ ನಮ್ಮ ಮನ್ಯಾಗ ಎರಡು ಮಷೀನ್ ಅದಾವು!