ತಲೆ ಕೆಟ್ಟ ಕಾಗದ

ಹೆಂಡತಿಯ ಅಣ್ಣನವರು ತಮ್ಮ ನಿವೃತ್ತಿಯ ಸಮಾರಂಭದಲ್ಲಿ ಭಾಷಣ ಮಾಡುತ್ತಿರುವಾಗಲೇ, ಎದ್ದು ನಿಂತು ಮೂರು ಕಡೆ ಉಚ್ಚಾರ ತಿದ್ದಿದ ಮಹಾನುಭಾವರು ಇವರು. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸ. ಒಂದು ಮಹಾಪ್ರಾಣವೂ ಕಣ್ತಪ್ಪಿ ಹೋಗದೆಂದು ಅಲ್ಲಿ ಎಲ್ಲರೂ ಕರೆಯುವುದೇ 'ಮಹಾಪ್ರಾಣ' ಎಂದು. (ಮನೆಯಲ್ಲಿ ಮಾತ್ರ ಅಲ್ಪಪ್ರಾಣ.) ಆ ದಿನದಿಂದ ಭಾವನ ಮಾತು ಬಂದ್. ಎರಡು ವರ್ಷ ತಾಳಿದ ಹೆಂಡತಿ ಕೊನೆಗೆ, ಅಣ್ಣನಿಗೆ ಕ್ಷಮೆ ಕೇಳಿ ಬರೆಯುವವರೆಗೆ ತಾನೂ ಮಾತಾಡುವುದಿಲ್ಲ ಎಂದಳು.

ಮಹಾಪ್ರಾಣ ಇಮೇಲ್ ಬರೆದರು. ಸಬ್ಜೆಕ್ಟ್ ಜಾಗದಲ್ಲಿ ಅಚ್ಚುಕಟ್ಟಾಗಿ 'ಕ್ಷಮಾಯಾಚನೆ' ಎಂದು ಹಾಕಿದರು. ಸಂಜೆ ಹೆಂಡತಿಗೆ ಅವಳ ಅತ್ತಿಗೆಯ ಫೋನ್ ಬಂತು. ತಲೆಬರಹದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಂತೆ. ಅಂಥದ್ದನ್ನು ತೆರೆದರೆ ಕಂಪ್ಯೂಟರ್‌ಗೆ ರೋಗ ಅಂಟುತ್ತದೆಂದು ಭಾವ ಮುಟ್ಟಲೇ ಇಲ್ಲವಂತೆ.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ ವಿಷಯ ಬಿಡಿಸಿ ಹೇಳಿದರು. ಇಮೇಲಿನ ಒಡಲಿಗೆ ಒಂದು ನಿಯಮ, ತಲೆಗೆ ಇನ್ನೊಂದು. ತಲೆಯದು ಓಬೀರಾಯನ ಕಾಲದ ನಿಯಮ, ಅದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಕನ್ನಡವನ್ನು ಸಂಕೇತವಾಗಿ ಮಡಚಿ ಕಳಿಸಬೇಕು. ಇವರ ಯಂತ್ರ ಒಂದು ಪದ್ಧತಿಯಲ್ಲಿ ಮಡಚುತ್ತದೆ, ಭಾವನ ಹಳೇ ಯಂತ್ರ ಇನ್ನೊಂದರಲ್ಲಿ ಬಿಚ್ಚುತ್ತದೆ.

"ಒಟ್ನಲ್ಲಿ ಮೈ ಸರಿಯಾಗಿದೆ ಸರ್, ತಲೆ ಕೆಟ್ಟಿದೆ," ಎಂದರು ಮೇಡಂ.

ಇಂಗ್ಲಿಷ್ ಅಕ್ಷರದಲ್ಲೇ ಹಾಕಿಬಿಡಿ ಎಂಬ ಅವರ ಸಲಹೆ ಮಹಾಪ್ರಾಣರಿಗೆ ಹಿಡಿಸಲಿಲ್ಲ. ಮೂವತ್ತು ವರ್ಷ ಒತ್ತಕ್ಷರ ಕಾಯ್ದವನು ಒತ್ತಿಲ್ಲದೆ ಕ್ಷಮೆ ಕೇಳುವುದೆ? ಹಟ ಹಿಡಿದು ಹನ್ನೊಂದು ಸಲ ಕಳಿಸಿದರು. ಅತ್ತಿಗೆಯ ವರದಿ ತಪ್ಪದೆ ಬರುತ್ತಿತ್ತು: ಒಮ್ಮೆ ಖಾಲಿ ಚೌಕಗಳು, ಒಮ್ಮೆ ಅಂಕಿಗಳ ಮೆರವಣಿಗೆ, ಇನ್ನೊಮ್ಮೆ ನೆತ್ತಿಯ ಮೇಲೆ ಚುಕ್ಕೆ ಹೊತ್ತ ಯಾವುದೋ ದೇಶದ ಅಕ್ಷರಗಳು.

ಹನ್ನೆರಡನೆಯದನ್ನು ಕಳಿಸುವಷ್ಟರಲ್ಲಿ ಭಾವನೇ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹಣ್ಣಿನ ಚೀಲ. ಮಹಾಪ್ರಾಣರನ್ನು ತೋಳು ಹಿಡಿದು ಮೆಲ್ಲಗೆ ಕೂರಿಸಿ, ತಂಗಿಯ ಕಡೆ ತಿರುಗಿದರು.

"ಹೀಗಾಗಿದೆ ಅಂತ ಮೊದಲೇ ಹೇಳಬಾರದಿತ್ತೇನಮ್ಮ? ಪಾಪ, ನೆಟ್ಟಗೆ ಒಂದಕ್ಷರ ಬರೆಯೋಕಾಗ್ತಿಲ್ಲ. ಆವತ್ತು ಸಭೆಯಲ್ಲಿ ಹಾಗಾಡಿದ್ದೂ ಇದರಿಂದಲೇ ಇರಬೇಕು. ನಾನು ಸುಮ್ಮನೆ ಸಿಟ್ಟು ಮಾಡ್ಕೊಂಡೆ."

ಮಹಾಪ್ರಾಣ ಎರಡೂ ನಿಯಮಗಳನ್ನು ವಿವರಿಸಲು ಬಾಯಿ ತೆರೆದರು. ಹೆಂಡತಿ ಕಣ್ಣಲ್ಲೇ ಗದರಿದಳು. ತಲೆ ನೆಟ್ಟಗಿದೆ ಎಂದರೆ ಜಗಳ ಮತ್ತೆ ಶುರು. ಕೆಟ್ಟಿದೆ ಎಂದರೆ ಇವತ್ತೇ ರಾಜಿ.

ಭಾವ ಮೂರು ಬೆರಳೆತ್ತಿ, ಮಗುವಿಗೆ ಕೇಳುವಂತೆ ನಿಧಾನವಾಗಿ, ಇದೆಷ್ಟು ಹೇಳಿ ನೋಡೋಣ ಎಂದರು.

ಮಹಾಪ್ರಾಣ ಹೆಂಡತಿಯ ಮುಖ ನೋಡಿದರು.

"ನಾಲ್ಕು," ಎಂದರು.

ಭಾವ ಕಣ್ಣೊರೆಸಿಕೊಂಡು, ಒಂದು ಬಾಳೆಹಣ್ಣು ಸುಲಿದು ಅವರ ಬಾಯಿಗಿಟ್ಟರು.