ಹಿತ್ತಲ ಒಲೆಯ ಚಿಕನ್ ನೂಡಲ್ಸ್

ನೂಡಲ್ಸ್ ಎಂಬುದು ಒಂದು ಅಡುಗೆಯೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ದಿನಾ ಜೋಳದ ರೊಟ್ಟಿ ತಟ್ಟುವವಳಿಗೆ, ಅಂಗಡಿಯಲ್ಲೇ ತಯಾರಾಗಿ ಬಂದ ಎಳೆಗಳನ್ನು ಬೇಯಿಸಿ ಬಾಣಲೆಯಲ್ಲಿ ತಿರುವಿ ಹಾಕುವುದು ಯಾವ ಘನಂದಾರಿ ಕೆಲಸ? ಹೀಗೆ ನೆಮ್ಮದಿಯಾಗಿದ್ದ ನನ್ನನ್ನು ಕೆಣಕಿದವಳು ನನ್ನ ನಾದಿನಿ ಪುಷ್ಪಾ.

ಪುಷ್ಪಾಳನ್ನು ಕೊಟ್ಟಿರುವುದು ಹರಿಹರಕ್ಕೆ. ನಮ್ಮ ದಾವಣಗೆರೆಯಲ್ಲಿ ಬಸ್ಸು ಹತ್ತಿ ಸೀರೆ ಸರಿಮಾಡಿಕೊಂಡು ಕೂರುವಷ್ಟರಲ್ಲಿ ಬರುವ ಊರು. ಆದರೆ ಅವಳು ಮಾತಾಡುವುದು ಶಾಂಘೈಯಲ್ಲಿ ಸಂಸಾರ ಮಾಡಿದವಳ ಹಾಗೆ. ಕಾರಣ, ಅವಳ ಬೀದಿಯ ಕೊನೆಯಲ್ಲಿ ಒಂದು ಚೈನೀಸ್ ಗಾಡಿ ನಿಲ್ಲುತ್ತದೆ. ಅಷ್ಟೇ!

"ಅತ್ತಿಗೆ, ಚಿಕನ್ ನೂಡಲ್ಸ್ ಅಂದ್ರೆ ನಮ್ಮ ಗಾಡೀದು ನೋಡ್ರಿ. ಒಂದೊಂದು ಎಳೀನೂ ಬಿಡಿಬಿಡಿ. ಮನ್ಯಾಗೆ ಆಗಲ್ಲ ಬಿಡ್ರಿ ಅದು. ಅದೂ ನಿಮ್ಮ ಕೈಯಾಗೆ!"

ಒಮ್ಮೆ ನಮ್ಮ ಮನೆಗೆ ಬಂದಿದ್ದವಳು, ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು. ನಮ್ಮವರು ಬಾಯಲ್ಲಿ ತುತ್ತಿಟ್ಟುಕೊಂಡೇ ಹೌದೆಂದು ತಲೆಯಾಡಿಸಿದರು. ಮಾತನ್ನು ಬೇಕಾದರೆ ಕ್ಷಮಿಸಬಹುದು, ಆ ತಲೆಯಾಡಿಸಿದ್ದನ್ನು ಹೇಗೆ ಕ್ಷಮಿಸುವುದು? ಕಾನ್ವೆಂಟಿನಲ್ಲಿ ಬ್ರೆಡ್ಡಿನ ಅಂಚನ್ನು ನೂಲು ಹಿಡಿದಂತೆ ಕತ್ತರಿಸಿ ಸಿಸ್ಟರ್ ಕೈಯಲ್ಲಿ ಬೆನ್ನು ತಟ್ಟಿಸಿಕೊಂಡವಳು ನಾನು! "ಬರೋ ಭಾನುವಾರ ಗಂಡ ಹೆಂಡ್ತಿ ಇಬ್ಬರೂ ಊಟಕ್ಕೆ ಬರ್ರಿ. ನೂಡಲ್ಸ್ ಮಾಡ್ತೀನಿ" ಎಂದು ಘೋಷಿಸಿಬಿಟ್ಟೆ.

ಭಾನುವಾರ ಬಂತು. ಕ್ಯಾರೆಟ್ಟು, ಎಲೆಕೋಸು, ಕ್ಯಾಪ್ಸಿಕಂ ಎಲ್ಲವನ್ನೂ ಬೆಂಕಿಕಡ್ಡಿಯಂತೆ ಹೆಚ್ಚಿ, ಶಾಲೆಯ ಪ್ರಾರ್ಥನೆಗೆ ಸಾಲು ನಿಲ್ಲಿಸಿದ ಹಾಗೆ ತಟ್ಟೆಯಲ್ಲಿ ಬಣ್ಣವಾರು ಜೋಡಿಸಿದೆ. ನೂಡಲ್ಸ್ ಬೇಯಿಸಿ, ನೀರು ಬಸಿದು, ಮೊಬೈಲಿನಲ್ಲಿ ನೋಡಿದ ಅಡುಗೆ ವಿಡಿಯೋದ ಹುಡುಗಿ ಹೇಳಿದಂತೆ ಎಣ್ಣೆ ಸವರಿ ಅಗಲ ತಟ್ಟೆಯಲ್ಲಿ ಹರಡಿದೆ. ಒಂದೊಂದು ಎಳೆಯೂ ಬಿಡಿಬಿಡಿ! ಪುಷ್ಪಾ ಆಗಲೇ ಬಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಇನ್ನು ಚಿಕನ್. ನಮ್ಮ ಮನೆಯಲ್ಲಿ ಕೋಳಿ ಒಳಗಿನ ಅಡುಗೆಮನೆಗೆ ಕಾಲಿಡುವಂತಿಲ್ಲ. ಆ ಗೋಡೆಯ ಆಚೆಗೇ ದೇವರ ಕೋಣೆ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಕೋಳಿಗೆಂದೇ ಬೇರೆ ಗ್ಯಾಸ್ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಇದು ಅತ್ತೆಯವರ ಶಾಸನ. ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದಿದ್ದೇನೆ. ಆದರೆ ಹಿತ್ತಲಿನ ಆ ಪಾತ್ರೆ ಬಾವಿಯಷ್ಟು ಆಳ. ಅಗಲ ಬಾಣಲೆ ಇರುವುದು ಒಳಗಿನ ಅಡುಗೆಮನೆಯ ಪಾಲಿಗೆ.

"ಅತ್ತೆ, ಇವತ್ತೊಂದಿನ ಬಾಣಲೆ ಹಿತ್ಲಿಗೆ ಒಯ್ಲಾ?"

"ಯಾಕ? ಕೋಳಿಗೆ ಅದರದೇ ಪಾತ್ರೆ ಐತಲ್ಲ?"

"ಅದ್ರಾಗೆ ನೂಡಲ್ಸ್ ಎಗರಿಸೋಕೆ ಆಗಲ್ಲ ಅತ್ತೆ."

"ತಿನ್ನೋ ಪದಾರ್ಥ ಯಾಕವ್ವ ಎಗರಿಸ್ಬೇಕು? ಅದೇನು ಚೆಂಡಾ?"

ಬಾಣಲೆ ಒಳಗೇ ಉಳಿಯಿತು, ನಾನು ಬಾವಿಯಂಥ ಪಾತ್ರೆಯನ್ನೇ ಒಲೆಗೇರಿಸಿದೆ.

ಹಿತ್ತಲಲ್ಲಿ ಗಾಳಿಯೋ ಗಾಳಿ. ಚೈನೀಸ್ ಅಡುಗೆಗೆ ಭಗ್ಗನೆ ಉರಿ ಬೇಕಂತೆ. ನನ್ನ ಉರಿ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ನಮ್ಮವರನ್ನು ಕರೆದು ಅಡ್ಡಲಾಗಿ ರಟ್ಟು ಹಿಡಿಯಲು ಹೇಳಿದೆ. ಒಂದು ಕೈಯಲ್ಲಿ ರಟ್ಟು, ಇನ್ನೊಂದರಲ್ಲಿ ಮೊಬೈಲು! ಅದರಲ್ಲಿ ಏನೋ ನೋಡಿ ನಗುವರು, ರಟ್ಟು ವಾಲುವುದು, ಒಲೆ ಆರುವುದು.

"ಒಂದು ರಟ್ಟು ನೆಟ್ಟಗೆ ಹಿಡಿಯೋಕೆ ಬರಲ್ವೇನ್ರಿ?"

"ಗಾಳಿಗೆ ನಾನೇನು ಮಾಡ್ಲೇ? ಬ್ಯಾಡ ಅನ್ಲಾ?"

ಹುರಿಯಬೇಕಾದ ಚಿಕನ್ ತನ್ನದೇ ನೀರು ಬಿಟ್ಟುಕೊಂಡು ಹಾಯಾಗಿ ಸ್ನಾನ ಮಾಡತೊಡಗಿತು. ಅಷ್ಟರಲ್ಲಿ ಪುಷ್ಪಾಳ ಫೋನು. "ಅತ್ತಿಗೆ, ಬಾತಿ ದಾಟಿದ್ವಿ, ಇನ್ನೇನು ಬಂದೇಬಿಟ್ವಿ!"

ನೂಡಲ್ಸ್ ತರಲು ಒಳಗೆ ಓಡಿದೆ. ತಟ್ಟೆ ಖಾಲಿ!

"ಹಂಗ್ಯಾಕ ಬಯಲಿಗೆ ಹರವಿದ್ದೆ? ಒಣಗಿ ಹೋಗ್ತಿತ್ತಲ್ಲ" ಎಂದರು ಅತ್ತೆ, ನನ್ನ ಮೇಲೆ ಕರುಣೆಯಿಂದ. "ಶಾವಿಗೆನ ಬಿಸಿನೀರು ಚಿಮುಕ್ಸಿ ಮುಚ್ಚಿಡ್ಬೇಕವ್ವ, ಅರಳ್ತೈತೆ. ನಾನು ಮುಚ್ಚಿಟ್ಟೀನಿ."

ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ಕುಟ್ಟಾಣಿ. ತೆರೆದು ನೋಡಿದೆ. ಎಳೆಗಳು ಹುಟ್ಟಿದಾಗಿನ ಭೇದಭಾವ ಮರೆತು ಒಂದಾಗಿದ್ದವು. ಹಿತ್ತಲಿಗೆ ಒಯ್ದು ಬಗ್ಗಿಸಿದರೆ ಪಾತ್ರೆಯ ಆಕಾರದಲ್ಲೇ ದೊಪ್ಪನೆ ಚಿಕನ್ ಮೇಲೆ ಬಿತ್ತು.

"ಸರಿಯೇ ಆ ಕಡೆ, ನಾನು ಬಿಡಸ್ತೀನಿ" ಎಂದರು ನಮ್ಮವರು. ರಟ್ಟು ಹಿಡಿಯಲು ಬಾರದ ಕೈಗೆ ಅದೆಲ್ಲಿಂದ ಬಲ ಬಂತೋ! ಹಿಡಿದು ತಂದದ್ದು ಹಿತ್ತಲಲ್ಲೇ ಬಿದ್ದಿದ್ದ ಹಳೆಯ ಮುದ್ದೆ ಕೋಲು! ಪಾತ್ರೆಯನ್ನು ಕೆಳಗಿಳಿಸಿ ಕಾಲಲ್ಲಿ ಅಮುಕಿ ಹಿಡಿದು ತಿರುವಿದರು ನೋಡಿ, ಅಳಿದುಳಿದ ಎಳೆಗಳೂ ಶರಣಾದವು. ಹಿಂದಿನಿಂದ ಅತ್ತೆ ಬಂದು "ಸಪ್ಪಗೆ ಕಾಣ್ತೈತೆ" ಎಂದು ಖಾರದಪುಡಿ, ಕೊಬ್ಬರಿ ತುರಿ ಉದುರಿಸಿ ನಿಂಬೆಹಣ್ಣು ಹಿಂಡಿದರು. ಅದರೊಳಗೆ ಸೇರಿದ ನನ್ನ ಬೆಂಕಿಕಡ್ಡಿ ತರಕಾರಿಗಳ ಸುಳಿವು ಇಂದಿಗೂ ಸಿಕ್ಕಿಲ್ಲ.

ಬಡಿಸಿದೆ. ಪುಷ್ಪಾ ತಟ್ಟೆ ಖಾಲಿ ಮಾಡಿದಳು. ಮತ್ತೆ ಹಾಕಿಸಿಕೊಂಡಳು. ಅವಳ ಗಂಡ "ಅಕ್ಕಾ, ಇನ್ನೊಂದೀಟು" ಎಂದು ತಟ್ಟೆ ಚಾಚಿದರು. ನನ್ನ ಎದೆ ನಿಧಾನಕ್ಕೆ ಉಬ್ಬತೊಡಗಿತು. ಆಗ ಪುಷ್ಪಾ ತಟ್ಟೆಯನ್ನು ಬೆರಳಲ್ಲಿ ಸವರುತ್ತಾ ಕೇಳಿದಳು:

"ಅತ್ತಿಗೆ, ಉಪ್ಪಿಟ್ಟು ಭಾಳ ಚಲೋ ಆಗೈತೆ. ನೂಡಲ್ಸ್ ಯಾವಾಗ ಹಾಕ್ತೀರಿ?"

ಊಟದ ಹೊತ್ತಿನಲ್ಲಿ ದನಿಯೆತ್ತಬಾರದೆಂದು ಸಿಸ್ಟರ್ ಕಲಿಸಿದ್ದರು. ಎತ್ತಲಿಲ್ಲ. ಹಲ್ಲು ಕಚ್ಚಿ "ಅದೇ ನೂಡಲ್ಸ್" ಎಂದೆ. "ಹೌದಾ! ಎಳೆ ಎಲ್ಲಿ?" ಎಂದಳು. ಮುದ್ದೆ ಕೋಲಿನವರು ಸೀಲಿಂಗ್ ಫ್ಯಾನಿನ ಕಡೆ ನೋಡಿದರು. ಅತ್ತೆ ಮಾತ್ರ "ಹದ ನಂದು" ಎಂದು ಬೀಗಿದರು.

ನನ್ನ ರಕ್ತ ಕುದಿಯಿತು. ಹಿತ್ತಲಿಗೆಂದೇ ಹೊಸ ಅಗಲ ಬಾಣಲೆ ಕೊಂಡುತಂದೆ. ಮತ್ತೊಂದು ಭಾನುವಾರ ಪುಷ್ಪಾಳನ್ನು ಕರೆದೆ. ಅಂದು ಅತ್ತೆ ಕೊಂಡಜ್ಜಿ ಊರಿನ ನೆಂಟರ ಮನೆಗೆ ಹೋಗಿದ್ದರು, ಊಟದ ಹೊತ್ತಿಗಷ್ಟೇ ಬರುವವರಿದ್ದರು. ನಮ್ಮವರನ್ನು ಮಂಡಕ್ಕಿ ತರಲು ಅಟ್ಟಿದೆ. ಒಲೆಯ ಸುತ್ತ ತಗಡು ನಿಲ್ಲಿಸಿದೆ. ಭಗ್ಗನೆ ಉರಿ, ಚುರ್ ಎನ್ನುವ ಚಿಕನ್, ಹೊಳೆಯುವ ಎಳೆಗಳು. ಎಗರಿಸಿದೆ ಕೂಡ! ಒಂದೊಂದು ಎಳೆಯೂ ಬಿಡಿಬಿಡಿ!

ಊಟದ ಹೊತ್ತಿಗೆ ಅತ್ತೆ, ನಮ್ಮವರು ಇಬ್ಬರೂ ವಾಪಸ್ಸಾದರು. ಎಲ್ಲರಿಗೂ ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದುರಿಗೇ ನಿಂತೆ. ಪುಷ್ಪಾ ಒಂದು ತುತ್ತು ತಿಂದಳು. ಮುಖ ಸಪ್ಪಗಾಯಿತು.

"ಇದೇನ್ರಿ ಅತ್ತಿಗೆ, ಥೇಟ್ ನಮ್ಮ ಗಾಡೀದು ತಿಂದಂಗೈತೆ! ಇದನ್ನ ತಿನ್ನಾಕೆ ಹರಿಹರದಿಂದ ಬರಬೇಕಿತ್ತಾ? ಹೋದ್ ಸಲದ್ದು ಮಾಡ್ತೀರಿ ಅಂತ ಆಸೆ ಇಟ್ಕೊಂಡು ಬಂದೀವಿ."

ಅತ್ತೆ ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡವ್ವ. ಒಂದೊಂದು ಸಲ ಕೈ ತಪ್ತೈತೆ. ಈ ಸಲ ಯಾಕೋ ಕೂಡಿಕೊಂಡೇ ಇಲ್ಲ."

ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹಿತ್ತಲಿಗೆ ಹೋಗಿ, ಮುದ್ದೆ ಕೋಲು ತಂದು ನಮ್ಮವರ ಕೈಗೆ ಕೊಟ್ಟೆ.