ಓರಗಿತ್ತಿಯ ಕುಂಬಳಕಾಯಿ

ಓರಗಿತ್ತಿಗಿಂತ ಒಂದೇ ಒಂದು ಸ್ಥಾನ ಮೇಲೆ ಕೂರಲು ನನಗೆ ತಗುಲಿದ್ದೇನು ಎಂದು ಮೊದಲೇ ಹೇಳಿಬಿಡುತ್ತೇನೆ: ಒಂದು ಇಡೀ ಥಾನು ಲೈನಿಂಗ್ ಬಟ್ಟೆ, ಕಂಪ್ಯೂಟರಿನ ಎರಡು ಮೌಸು, ಬಲಗೈ ಮಣಿಕಟ್ಟಿನ ನೋವು, ಜೊತೆಗೆ ಮೂರು ತಿಂಗಳ ಮಧ್ಯಾಹ್ನದ ನಿದ್ದೆ. ಯಾತಕ್ಕೆ ಅಂದರೆ, ಇಲ್ಲದ ಹೊಲದಲ್ಲಿ ಇಲ್ಲದ ಕುಂಬಳಕಾಯಿ ಬೆಳೆಯುವುದಕ್ಕೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಲೌಸ್ ಪೀಸಿನ ಅಂಗಡಿಯನ್ನು ಒಂದು ಸ್ಟೂಲು, ಒಂದು ಕತ್ತರಿಯಿಂದ ಶುರುಮಾಡಿ ಈ ಮಟ್ಟಕ್ಕೆ ತಂದವಳು ನಾನು. ಸಗಟು ವ್ಯಾಪಾರಿ ಹೇಳಿದ ಮೊದಲ ಬೆಲೆಯನ್ನು ಇವತ್ತಿನವರೆಗೂ ಒಪ್ಪಿಲ್ಲ. ಅಂಥವಳು ಹೀಗೆ ಟೋಪಿ ಹಾಕಿಸಿಕೊಂಡೆ ಅಂದರೆ ಅದಕ್ಕೊಂದು ಹಿನ್ನೆಲೆ ಇರಬೇಕಲ್ಲವೇ?

ಇದೆ. ನಾನು ನಮ್ಮ ಮನೆಯ ಎರಡನೇ ಸೊಸೆ. ಹಿರಿಯ ಸೊಸೆ ಭದ್ರಾವತಿಯ ಸರ್ವಮಂಗಳಕ್ಕ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಅರಿಶಿನ-ಕುಂಕುಮದ ತಟ್ಟೆ ಮೊದಲು ಅವರ ಮುಂದೆ ನಿಲ್ಲುತ್ತದೆ, ಆಮೇಲೆ ನನ್ನ ಕಡೆ ತಿರುಗುತ್ತದೆ. ನಾನು ಅಂಗಡಿ ಕಟ್ಟಿದೆ, ಸೈಟು ತೆಗೆದುಕೊಂಡೆ, ಸ್ಕೂಟಿ ಓಡಿಸಿದೆ. ತಟ್ಟೆ ಮಾತ್ರ ತನ್ನ ದಾರಿ ಬದಲಿಸಲಿಲ್ಲ. ಇಡೀ ಪ್ರಪಂಚದಲ್ಲಿ ನಾನು ಚೌಕಾಸಿ ಮಾಡಲಾಗದ ಏಕೈಕ ವಸ್ತು ಅದು. ಮದುವೆಯಾದ ಹೊಸತರಲ್ಲಿ ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಎಲ್ಲರೂ ಒಟ್ಟಿಗಿದ್ದೆವು. ಅಕ್ಕ ಒಲೆಯ ಮೇಲೆ ಹಾಲಿಟ್ಟು, "ಗಿರಿಜಾ, ಒಂಚೂರು ನೋಡ್ಕೊಳೇ" ಎಂದು ಗೇಟಿನ ಹತ್ತಿರ ಮಾತಿಗೆ ಹೋಗುತ್ತಿದ್ದರು. ಆ ಒಂಚೂರು ಆರು ವರ್ಷ ನಡೆಯಿತು. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗಿತ್ತು, ಜಗಳವಾಡಿ ಮುಗಿಸಬಹುದಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಅಂಗಡಿಯ ಬಿಲ್ಲಿಗೆಂದು ಕಂಪ್ಯೂಟರ್ ಬಂತು, ಅದರ ಹಿಂದೆಯೇ ಬ್ರಾಡ್‌ಬ್ಯಾಂಡ್ ಬಂತು, ಅದರ ಹಿಂದೆ ಮಗಳು ವೀಣಾ ಬಂದು ಕಂಪ್ಯೂಟರಿನಲ್ಲೇ ಆಡುವ ಒಂದು ಬೇಸಾಯದ ಆಟಕ್ಕೆ ನನ್ನನ್ನು ಸೇರಿಸಿದಳು. ಬಿತ್ತುವುದು, ಕಾಯುವುದು, ಹೊತ್ತಿಗೆ ಸರಿಯಾಗಿ ಕೊಯ್ಯುವುದು. ತಡವಾದರೆ ಬೆಳೆ ಬಾಡುತ್ತದೆ. ಇಷ್ಟೇ ಆಗಿದ್ದರೆ ನಾಲ್ಕು ದಿನಕ್ಕೆ ಬಿಡುತ್ತಿದ್ದೆ. ಆದರೆ ಪರದೆಯ ಕೆಳಗೆ ನಮ್ಮ ಬಳಗದಲ್ಲಿ ಆಡುವವರ ಫೋಟೋಗಳ ಸಾಲೊಂದಿತ್ತು. ಅದರಲ್ಲಿ ಮೊದಲನೆಯವರು ಸರ್ವಮಂಗಳಕ್ಕ, ಎರಡನೆಯವಳು ನಾನು.

"ಇಲ್ಲೂ ಅವರೇ ಮೊದಲಾ?" ಎಂದೆ.

"ಇಲ್ಲಿ ಹಿರೀ ಸೊಸೆ ಕಿರೀ ಸೊಸೆ ಅಂತೆಲ್ಲ ಇಲ್ಲಮ್ಮ. ಯಾರು ಜಾಸ್ತಿ ಬೆಳೀತಾರೋ ಅವರು ಮುಂದೆ," ಎಂದಳು ವೀಣಾ.

ಆ ಮಾತು ನನ್ನನ್ನು ಕೆಡಿಸಿತು. ಬೆಳೆದವರು ಮುಂದೆ ಹೋಗುವ ಸಾಲೊಂದು ಈ ಭೂಮಿಯ ಮೇಲಿದೆ ಎಂದು ನಲವತ್ತಾರನೇ ವಯಸ್ಸಿನಲ್ಲಿ ತಿಳಿದರೆ ಯಾರು ಸುಮ್ಮನಿರುತ್ತಾರೆ? ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಬಿತ್ತಿದೆ, ಸಂಜೆ ಗಿರಾಕಿ ನಿಂತಿರುವಾಗಲೇ ಕೊಯ್ದೆ. ನವುಲೆಯಲ್ಲಿ ಕೃಷಿ ಪದವಿ ಓದುತ್ತಿದ್ದ ವೀಣಾ, "ನಾಲ್ಕು ವರ್ಷದಲ್ಲಿ ನಾನು ಮುಟ್ಟದೇ ಇರೋಷ್ಟು ಬೀಜ ನಾಲ್ಕು ವಾರದಲ್ಲಿ ಮುಟ್ಟಿದೀಯ," ಎಂದು ಹಂಗಿಸಿದಳು.

ಹೊಲ ದೊಡ್ಡದಾಗಬೇಕಾದರೆ ಆಟದೊಳಗೆ ನೆರೆಹೊರೆಯವರು ಬೇಕು. ಅಕ್ಕನಿಗೇನು, ಕ್ವಾರ್ಟರ್ಸಿನ ತಮಿಳರು, ತೆಲುಗರು, ನಮ್ಮವರು ಎಲ್ಲರೂ ಗೇಟಿನ ಮಾತಿನ ಗೆಳತಿಯರೇ; ಅವರ ಮಕ್ಕಳೆಲ್ಲ ಸೇರಿ ಅಕ್ಕನ ಹೊಲಕ್ಕೆ ದಿನಾ ನೀರು ಹಾಕುತ್ತಿದ್ದರು. ನನಗೆ ಇದ್ದದ್ದು ಗಿರಾಕಿಗಳು. ನನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದೆ.

"ಕಂಪ್ಯೂಟರಲ್ಲಿ ನನಗೆ ನೆರೆಯವರಾಗಿ, ಒಂದು ಮೀಟರ್ ಲೈನಿಂಗ್ ಬಿಟ್ಟಿ," ಎಂದು ಒಬ್ಬ ಮೇಡಮ್ಮಿಗೆ ಹೇಳಿದೆ.

"ಅಯ್ಯೋ ಮಾರಾಯ್ತಿ, ಪಕ್ಕದ ಮನೆಯೋರ ಜೊತೆನೇ ನಂಗೆ ಮಾತಿಲ್ಲ!"

"ಮಾತಾಡ್ಬೇಡಿ. ನೀರು ಹಾಕಿ ಸಾಕು."

"ಹಂಗಾದ್ರೆ ಎರಡು ಮೀಟರ್ ಮಾಡಿ, ನಮ್ಮ ತಂಗೀನೂ ಸೇರಿಸ್ತೀನಿ."

ಥಾನು ಖಾಲಿಯಾಗುವ ಹೊತ್ತಿಗೆ ನನ್ನ ಹೊಲ ಮೂರರಷ್ಟಾಗಿತ್ತು. ಒಂದು ಗುರುವಾರ ಬೆಳಿಗ್ಗೆ ಸಾಲಿನಲ್ಲಿ ನನ್ನ ಫೋಟೋ ಟಕ್ಕೆಂದು ಮುಂದೆ ಹಾರಿತು. ಸರ್ವಮಂಗಳಕ್ಕ ಎರಡನೆಯವರು! ಅವತ್ತು ಒಬ್ಬ ಗಿರಾಕಿ ಕೇಳಿದ ಬೆಲೆಗೇ ಬಟ್ಟೆ ಕೊಟ್ಟುಬಿಟ್ಟೆ ಅಂದಮೇಲೆ ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ.

ಭದ್ರಾವತಿಯಿಂದ ಫೋನು ಬರುತ್ತದೆಂದು ಕಾದೆ. ಒಂದು ವಾರವಾಯಿತು, ಎರಡಾಯಿತು. ಅಕ್ಕನ ಹೊಲಕ್ಕೆ ಹೋಗಿ ನೋಡಿದರೆ ಕುಂಬಳಕಾಯಿಯೆಲ್ಲ ಕಂದುಬಣ್ಣಕ್ಕೆ ತಿರುಗಿ ಮಲಗಿತ್ತು. ಅವರ ಫೋಟೋ ಮೂರಕ್ಕಿಳಿಯಿತು, ಐದಕ್ಕಿಳಿಯಿತು. ಎರಡನೇ ಸ್ಥಾನಕ್ಕೆ ಯಾರೋ ಲೈನಿಂಗ್ ಗಿರಾಕಿ ಬಂದು ಕೂತಳು. ಲೈನಿಂಗ್ ಗಿರಾಕಿಯನ್ನು ಹಿಂದೆ ಹಾಕುವುದಕ್ಕೆ ನಾನು ಇಷ್ಟು ಒದ್ದಾಡಬೇಕಿತ್ತೇ? ತಡೆಯಲಾರದೆ ನಾನೇ ಫೋನು ಮಾಡಿದೆ.

"ಅಕ್ಕ, ನಿಮ್ಮ ಕುಂಬಳಕಾಯಿ ಬಾಡ್ತಾ ಇದೆ."

"ಹಿತ್ತಲಲ್ಲಿ ಇರೋದಾ? ನಿಂಗೆ ಶಿವಮೊಗ್ಗದಿಂದ ಹೆಂಗೆ ಕಾಣ್ತು?"

"ಕಂಪ್ಯೂಟರಲ್ಲಿ, ಅಕ್ಕ. ನೀವು ಐದಕ್ಕೆ ಇಳಿದಿದ್ದೀರ."

"ಓ, ಅದಾ! ಬೇಜಾರಾಗಿ ಬಿಟ್ಬಿಟ್ಟೆ ಕಣೇ. ಅಷ್ಟು ಹೊಟ್ಟೆ ಉರಿದ್ರೆ ಪಾಸ್‌ವರ್ಡ್ ಹೇಳ್ತೀನಿ, ಬರ್ಕೊ. ಒಂಚೂರು ನೋಡ್ಕೊಳೇ."

ನಾನು ಬರೆದುಕೊಂಡೆ. ಅವರನ್ನು ಎರಡನೇ ಸ್ಥಾನಕ್ಕೆ ತಂದು ಕೂರಿಸಿ ಅಲ್ಲಿಗೆ ನಿಲ್ಲಿಸಿಬಿಡೋಣ ಎಂಬುದು ನನ್ನ ಲೆಕ್ಕಾಚಾರ. ಹೀಗೆ ಎರಡು ಬೇಸಾಯ ಶುರುವಾಯಿತು. ಅವರದ್ದನ್ನು ಮೊದಲು ಕೊಯ್ಯುತ್ತಿದ್ದೆ, ಏಕೆಂದರೆ ಇನ್ನೊಬ್ಬರು ಒಪ್ಪಿಸಿದ್ದು, ಆಮೇಲೆ ನನ್ನದು. ನೋಡಿಕೊಳ್ಳಲು ಕೊಟ್ಟ ಹಾಲನ್ನು ಉಕ್ಕಿಸಿ ಗೊತ್ತಿಲ್ಲದ ಕೈ ಇದು, ಬಾಡಲಿ ಬಿಡು ಎಂದರೆ ಕೇಳಬೇಕಲ್ಲ. ಇತ್ತ ನನ್ನ ನೆರೆಯವರು ಲೈನಿಂಗ್ ಹೊಲಿಸಿಕೊಂಡ ಮೇಲೆ ನನ್ನ ಹೊಲದ ಕಡೆ ತಲೆ ಹಾಕಲಿಲ್ಲ. ಅಕ್ಕನ ಕ್ವಾರ್ಟರ್ಸಿನವರು ಮಾತ್ರ ಬಿಟ್ಟಿಯಾಗಿಯೇ ದಿನಾ ನೀರು ಹಾಕುತ್ತಿದ್ದರು.

ಒಂದು ದಿನ ವೀಣಾ ಪರದೆ ನೋಡಿ, "ಅಮ್ಮಾ, ದೊಡ್ಡಮ್ಮ ಮತ್ತೆ ಮೊದಲನೇ ಸ್ಥಾನಕ್ಕೆ ಹೋದ್ರು! ಯಾರಮ್ಮ ಅವರಿಗೆ ಇಷ್ಟು ಚೆನ್ನಾಗಿ ಬೆಳೆದುಕೊಡ್ತಿರೋದು?" ಎಂದಳು. ನಾನು ಮಣಿಕಟ್ಟಿಗೆ ಮುಲಾಮು ಹಚ್ಚಿಕೊಳ್ಳುತ್ತಾ ಕೂತಿದ್ದೆ.

ಅದರ ಮುಂದಿನ ಭಾನುವಾರವೇ ಭದ್ರಾವತಿಯಲ್ಲಿ ನಾದಿನಿಯ ಮಗಳ ಸೀಮಂತ. ತಟ್ಟೆ ಬಂತು, ಅಕ್ಕನ ಮುಂದೆ ನಿಂತಿತು. ಅಕ್ಕ ಕುಂಕುಮ ಇಟ್ಟುಕೊಂಡು, ಇಡೀ ಜಮಖಾನೆಗೆ ಕೇಳುವ ಹಾಗೆ ಹೇಳಿದರು: "ನಮ್ಮ ಗಿರಿಜಾ ಬಂಗಾರದಂಥವಳು. ನನ್ನ ಕಂಪ್ಯೂಟರ್ ಹೊಲಾನೂ ಅವಳೇ ನೋಡ್ಕೊತಾಳೆ. ಅಲ್ಲೂ ನಾನೇ ಮೊದಲಂತೆ!"

ಮೂಲೆಯಲ್ಲಿ ಕುರ್ಚಿಯ ಮೇಲಿದ್ದ ಅತ್ತೆ ತಲೆದೂಗಿದರು. "ಅವಳು ಮೊದಲಿಂದ್ಲೂ ಹಂಗೇ. ಹೇಳಿದ ಕೆಲಸ ತಪ್ಪಿಸಿದೋಳಲ್ಲ."

ತಟ್ಟೆ ನನ್ನ ಕಡೆ ತಿರುಗಿತು. ಆ ಮಾತಿನಿಂದ ಸಂತೋಷವೂ ಆಯಿತು ಅನ್ನುವುದೇ ನನ್ನ ದುಃಖ. ಮನೆಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ, ಅಕ್ಕನ ಕುಂಬಳಕಾಯಿ ಕೊಯ್ದದ್ದು.

ಆದ್ದರಿಂದ ಓದುಗರಿಗೆ ವ್ಯಾಪಾರಿಯಾಗಿ ಹೇಳುತ್ತೇನೆ, ಕೇಳಿಸಿಕೊಳ್ಳಿ. ಇಂಥ ಆಟಕ್ಕೆ ಇಳಿಯುವುದಿದ್ದರೆ ಹೆಸರು ಕೂಡ ಗೊತ್ತಿಲ್ಲದ ಪರವೂರಿನವರ ಜೊತೆ ಇಳಿಯಿರಿ. ಸೋತರೂ ಗೆದ್ದರೂ ಅವರ ಮನೆಯ ಸೀಮಂತಕ್ಕೆ ಹೋಗಬೇಕಾಗಿಲ್ಲ. ಬಟ್ಟೆ ಕೊಟ್ಟು ನೆರೆಯವರನ್ನು ಕೊಳ್ಳಬೇಡಿ, ಬಣ್ಣ ನಿಲ್ಲುವುದಿಲ್ಲ. ಎದುರಾಳಿ ಕೊನೆಯವರೆಗೂ ಆಡುತ್ತಾಳೋ, ಅರ್ಧಕ್ಕೆ ಬಿಟ್ಟು ಗೇಟಿನ ಹತ್ತಿರ ಮಾತಿಗೆ ಹೋಗುತ್ತಾಳೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇನ್ನು ಓರಗಿತ್ತಿಯ ಪಾಸ್‌ವರ್ಡ್ ಸಿಕ್ಕಿದರೆ, ಬಿಟ್ಟಿ ಸಿಕ್ಕಿತೆಂದು ಬರೆದುಕೊಳ್ಳಲೇಬೇಡಿ. ನನ್ನ ಹತ್ತಿರ ಒಂದಿದೆ, ಬೇಕಾದವರು ಅಂಗಡಿಗೆ ಬಂದು ತೆಗೆದುಕೊಂಡು ಹೋಗಬಹುದು. ಎರಡು ಮೀಟರ್ ಲೈನಿಂಗನ್ನೂ ನಾನೇ ಕೊಡುತ್ತೇನೆ.